ತ್ರಿಕೂಪಿಸ್: ಸಾಲ, ಒಲಿಂಪಿಕ್ಸ್ ಮತ್ತು ಒಂದು ಸೇತುವೆ

ಫೋಟೋದಲ್ಲಿರೋ ಸೇತುವೆ ನೋಡಿ. ಗ್ರೀಸಿನ ರಿಯೋ–ಆಂಟಿರಿಯೋ ನಡುವೆ, ಸಮುದ್ರದ ಮೇಲೆ 2,880 ಮೀಟರ್. ಇದಕ್ಕಿಟ್ಟಿರೋದು ಯಾರ ಹೆಸರು ಗೊತ್ತಾ? ದೇಶ ದಿವಾಳಿ ಆಯ್ತು ಅಂತ ಹೇಳಿದ ಪ್ರಧಾನಿ ಖಾರಿಲಾವೋಸ್ ತ್ರಿಕೂಪಿಸ್ ಅವರದ್ದು!

ಏಳು ಸಲ ಪ್ರಧಾನಿ ಆದವರು. 1882ರಲ್ಲಿ ಇಡೀ ಗ್ರೀಸಲ್ಲಿ ಇದ್ದದ್ದು ಹತ್ತು-ಹನ್ನೆರಡು ಕಿ.ಮೀ. ರೈಲು ಹಳಿ, 1893ರ ಹೊತ್ತಿಗೆ ಸುಮಾರು 900. ಕೊರಿಂತ್ ಕಾಲುವೆ ಮುಗಿದಿದ್ದೂ ಅದೇ ವರ್ಷ. ದುಡ್ಡು ಎಲ್ಲಿಂದ? ಜನರ ಮೇಲೆ ತೆರಿಗೆ, ಹೊರದೇಶಗಳಿಂದ ಸಾಲದ ಮೇಲೆ ಸಾಲ. ದೇಶದ ದೊಡ್ಡ ರಫ್ತು ಅಂದ್ರೆ ಒಣದ್ರಾಕ್ಷಿ. ಅದರ ಬೆಲೆ ಬಿತ್ತು, ಖಜಾನೆಯೂ ಬಿತ್ತು. 1893ರ ಡಿಸೆಂಬರಲ್ಲಿ ಸಂಸತ್ತಿನಲ್ಲೇ ಒಪ್ಪಿಕೊಂಡರು.

ಆಮೇಲೆ ಅಥೆನ್ಸಲ್ಲಿ ಮೊದಲ ಆಧುನಿಕ ಒಲಿಂಪಿಕ್ಸ್ ಮಾಡೋಣ ಅಂದಾಗ, ಸರ್ಕಾರದ ಹತ್ರ ದುಡ್ಡಿಲ್ಲ ಅಂದರು. (ನನ್ನ ಕೇಳಿದ್ರೆ, ತಪ್ಪೇನು ಹೇಳಲಿಲ್ಲ.) 1895ರಲ್ಲಿ ಸ್ವಂತ ಕ್ಷೇತ್ರದಲ್ಲೇ ಸೋತು, ದೇಶ ಬಿಟ್ಟು ಫ್ರಾನ್ಸಿನ ಕಾನ್ ಊರು ಸೇರಿದರು.

1896ರ ಏಪ್ರಿಲ್ 10. ಅಥೆನ್ಸಲ್ಲಿ ಗ್ರೀಕ್ ಓಟಗಾರ ಸ್ಪಿರಿಡಾನ್ ಲೂಯಿಸ್ ಮ್ಯಾರಥಾನ್ ಗೆದ್ದ, ಜನ ಕುಣಿದಾಡಿದರು. ಮರುದಿನ ಕಾನ್‌ನಲ್ಲಿ ತ್ರಿಕೂಪಿಸ್ ತೀರಿಕೊಂಡರು.

ಹಾಂ, ಸೇತುವೆ. ಅಲ್ಲೊಂದು ಸೇತುವೆ ಬೇಕು ಅಂತ ಆ ಕಾಲದಲ್ಲೇ ಹೇಳಿದ್ದು ಇವರೇ. ಅದು ಓಪನ್ ಆಗಿದ್ದು 2004ರ ಆಗಸ್ಟಲ್ಲಿ. ಮೊದಲು ದಾಟಿದ್ದು ಅಥೆನ್ಸಿಗೆ ಹೊರಟಿದ್ದ ಒಲಿಂಪಿಕ್ ಜ್ಯೋತಿ.