9999 ಆಟಗಳಲ್ಲಿ ಉಳಿದ ಒಂದು

ಚಿಕ್ಕವನಿದ್ದಾಗ ಕೊಟ್ಟೂರು ಜಾತ್ರೆಯಲ್ಲಿ ಹಠ ಹಿಡಿದು ಒಂದು ಟೀವಿ ವಿಡಿಯೋ ಗೇಮ್ ಕೊಡಿಸಿಕೊಂಡಿದ್ದೆ. ಅದು ಜಪಾನಿನ ನಿಂಟೆಂಡೋ 1983ರಲ್ಲಿ ತಂದ ಫ್ಯಾಮಿಕಾಮ್‌ನ ನಕಲು ಅಂತ ಗೊತ್ತಾಗಿದ್ದು ಇಂಜಿನಿಯರಿಂಗ್ ಓದುವಾಗ! ಕ್ಯಾಸೆಟ್ ಮೇಲೆ ‘9999 ಇನ್ 1’ ಅಂತಿತ್ತು. ಎಣಿಸಿದರೆ ಹತ್ತಿಪ್ಪತ್ತು ಆಟ, ಮಿಕ್ಕಿದ್ದೆಲ್ಲಾ ಅವೇ, ಬೇರೆ ಹೆಸರಲ್ಲಿ :)

ಈ ಮೆಷಿನ್ನಿನ ಶ್ರೇಷ್ಠ ಆಟಗಳು ಅಂತ ಪಟ್ಟಿ ಮಾಡುವವರು 1986ರ ಜೆಲ್ಡಾ, 1987ರ ಫೈನಲ್ ಫ್ಯಾಂಟಸಿಯನ್ನು ಬಿಡುವುದಿಲ್ಲ. ನಾನು ಅವನ್ನು ಆಗ ನೋಡೇ ಇರಲಿಲ್ಲ. ದಿನಗಟ್ಟಲೆ ಆಡುವ ಆಟಗಳವು, ಆಡಿದ್ದನ್ನು ಉಳಿಸಿಡಲು ಕ್ಯಾಸೆಟ್ಟಿನೊಳಗೆ ಬ್ಯಾಟರಿ ಬೇಕು. ನಮ್ಮ ಅಗ್ಗದ ಕ್ಯಾಸೆಟ್ಟಿಗೆ ಒಗ್ಗಿದ್ದು ಚಿಕ್ಕ ಆಟಗಳು. 1985ರ ಸೂಪರ್ ಮಾರಿಯೋ ಬರೀ 40 ಕೆಬಿ! ಅದರಲ್ಲಿ ಮೋಡಕ್ಕೂ ಪೊದೆಗೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ.

ಆದರೆ ಉಳಿಯುವ ಆಟ ಅಂದ್ರೆ ನನ್ನ ಲೆಕ್ಕದಲ್ಲಿ ಮಾರಿಯೋ ಅಲ್ಲ, ನಾವು ‘ಟ್ಯಾಂಕ್’ ಅಂತಿದ್ದ ನ್ಯಾಮ್ಕೋದ ಬ್ಯಾಟಲ್ ಸಿಟಿ (1985). ಮಾರಿಯೋದಲ್ಲಿ ಒಬ್ಬ ಆಡುವಾಗ ಇನ್ನೊಬ್ಬ ಸುಮ್ಮನೆ ಕೂರಬೇಕು. ಇದರಲ್ಲಿ ಇಬ್ಬರೂ ಒಟ್ಟಿಗೆ ಹದ್ದನ್ನು ಕಾಯಬೇಕು. ಇಟ್ಟಿಗೆ, ನೀರು ಜೋಡಿಸಿ ನಮ್ಮದೇ ಮೈದಾನ ಕಟ್ಟಬಹುದು. ನಾನು, ಅಣ್ಣ ಸೇರಿ ನಮ್ಮ ತೇರುಬೀದಿ ಕಟ್ಟಿದ್ವಿ. ಕರೆಂಟು ಹೋಯ್ತು, ಬೀದಿಯೂ ಹೋಯ್ತು. ಮರುದಿನ ಮತ್ತೆ ಕಟ್ಟಿದ್ವಿ.

ಅಣ್ಣ ಈಗ ಹರಪನಹಳ್ಳಿಯಲ್ಲಿದ್ದಾನೆ, ನಾನು ಬೆಂಗಳೂರಲ್ಲಿ. ಮನೆ ಭಾಗದ ವಿಷಯಕ್ಕೆ ಮಾತೇ ಕಮ್ಮಿಯಾಗಿತ್ತು. ಮೊನ್ನೆ ಫೋನ್ ಮಾಡಿ, ‘ಟ್ಯಾಂಕ್ ಆಟದಲ್ಲಿ ಹದ್ದು ಕಾಯ್ತಿದ್ದಿದ್ದು ಯಾರು?’ ಅಂತ ಕೇಳಿದೆ.

‘ನೀ ಎಲ್ಲಿ ಕಾಯ್ತಿದ್ದೆಲೇ, ನಾನೇ!’ ಅಂದ. ಅರ್ಧ ಗಂಟೆ ಮಾತಾಡಿದ್ವಿ...

ನಿಮ್ಮ ಕ್ಯಾಸೆಟ್ಟಿನಲ್ಲಿ ಉಳಿದದ್ದು ಯಾವುದು?