ಕತ್ತಿ ತೊಳೆದ ಮೇಲೆ: ಬಾಳ್ಗಳ್ಚಿನಿಂದ ಪಿಂಚಣಿಯವರೆಗೆ ಯೋಧಗೌರವದ ವಿಚಾರ

1. ಪ್ರಸ್ತಾವನೆ

ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನು ನಾವು ಓದುತ್ತ ಬಂದಿರುವುದು ಬಹುಮಟ್ಟಿಗೆ ಭಾಷೆಗಾಗಿ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದಂದಿನಿಂದ ಅದರ ಕಾಲ, ಲಿಪಿ, ಅದರಲ್ಲಿ ಬೆರೆತ ಸಂಸ್ಕೃತದ ಪ್ರಮಾಣ ಇವುಗಳ ಮೇಲೆ ಸಾಕಷ್ಟು ಚರ್ಚೆ ನಡೆದಿದೆ. ಆ ಕಲ್ಲನ್ನು ನಿಲ್ಲಿಸಿದ ಕಾರಣಕ್ಕೆ ಅಷ್ಟು ಗಮನ ಸಂದಿಲ್ಲ. ಕೇಕಯ-ಪಲ್ಲವರೊಡನೆ ನಡೆದ ಕಾಳಗದಲ್ಲಿ ಗೆದ್ದು ಬಂದ ವಿಜಅರಸನೆಂಬ ಯೋಧನಿಗೆ ಎರಡು ಊರುಗಳನ್ನು ಕೊಟ್ಟ ದಾಖಲೆ ಅದು. ಸುಮಾರು ಕ್ರಿ.ಶ. 450ರ ಈ ಬರಹವು ಕನ್ನಡದ ಮೊಟ್ಟಮೊದಲ ಶಾಸನಗಳ ಸಾಲಿನಲ್ಲಿದೆ. ಎಂದರೆ, ಕನ್ನಡವು ಕಲ್ಲಿನ ಮೇಲೆ ಮೂಡಿದ ಆರಂಭದ ದಿನಗಳಲ್ಲೇ, ಯುದ್ಧ ಮುಗಿಸಿ ಬಂದವನ ಮುಂದಿನ ಬದುಕು ಹೇಗೆ ಸಾಗಬೇಕು ಎಂಬುದು ಅದರ ವಸ್ತುವಾಗಿತ್ತು.

ನಮ್ಮ ನೆಲದಲ್ಲಿ ಯೋಧನಿಗೆ ಸಂದ ಗೌರವಕ್ಕೂ ಅವನ ಮನೆಯ ಅನ್ನಕ್ಕೂ ಇದ್ದ ನಂಟನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಮತ್ತು ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ ಈ ಕ್ಷೇತ್ರದಲ್ಲಿ ದಾರಿ ಮಾಡಿಕೊಟ್ಟ ಕೃತಿಗಳು. ವೀರನ ಆದರ್ಶ, ಸ್ವಾಮಿನಿಷ್ಠೆ, ಶಿಲ್ಪದ ಬಗೆಗಳ ಬಗ್ಗೆ ನಮಗೆ ಗೊತ್ತಿರುವ ಹೆಚ್ಚಿನದು ಇಂಥ ಅಧ್ಯಯನಗಳಿಂದಲೇ ಬಂದದ್ದು. ಅವು ತೆರೆದಿಟ್ಟ ಸಾಮಗ್ರಿಯನ್ನು ಇಂದಿನ ಮಾಜಿ ಸೈನಿಕನ ಪಕ್ಕದಲ್ಲಿಟ್ಟು ನೋಡುವುದು ಇಲ್ಲಿನ ಪ್ರಯತ್ನ. ಹಳೆಯ ಪದ್ಧತಿಯಲ್ಲಿ ಕಲ್ಲು ಮತ್ತು ನೆಲ, ಅಂದರೆ ನೆನಪು ಮತ್ತು ಜೀವನೋಪಾಯ, ಒಂದೇ ಕ್ರಿಯೆಯ ಎರಡು ಮುಖಗಳಾಗಿದ್ದವು. ಆಧುನಿಕ ವ್ಯವಸ್ಥೆ ಅವೆರಡನ್ನು ಬೇರೆ ಬೇರೆ ಕೈಗಳಿಗೆ ಒಪ್ಪಿಸಿದೆ. ಅವುಗಳನ್ನು ಮತ್ತೆ ಹತ್ತಿರ ತರುವ ಕೆಲಸ ನಮ್ಮ ಊರುಗಳಿಂದ ಆಗಬೇಕು. ಇದು ಲೇಖನದ ವಾದ.

2. ಬದುಕಿ ಬಂದವನ ಕೊಡುಗೆ

ಹಲ್ಮಿಡಿ ಶಾಸನವು ಆ ದತ್ತಿಯನ್ನು ‘ಬಾಳ್ಗಳ್ಚು’ ಎಂದು ಕರೆಯುತ್ತದೆ. ಬಾಳ್ ಎಂದರೆ ಕತ್ತಿ, ಕೞ್ಚು ಎಂದರೆ ತೊಳೆ. ನೆತ್ತರಾದ ಕತ್ತಿಯನ್ನು ತೊಳೆಯುವಾಗ ಕೊಟ್ಟದ್ದು ಬಾಳ್ಗಳ್ಚು. ಈ ಪದದೊಳಗೆ ಒಂದು ಇಡೀ ಸಾಮಾಜಿಕ ಕ್ಷಣ ಅಡಗಿದೆ. ಕಾಳಗ ಮುಗಿದಿದೆ, ಯೋಧ ಬದುಕಿ ಬಂದಿದ್ದಾನೆ, ಆಯುಧ ಒರೆಗೆ ಹೋಗಬೇಕು, ಅವನು ಮತ್ತೆ ಮನೆಯವನಾಗಬೇಕು. ಆ ತಿರುವಿನಲ್ಲಿ ಅವನ ಕೈಗೆ ಊರು ಬರುತ್ತದೆ.

ಶಾಸನದ ಇನ್ನೆರಡು ಅಂಶಗಳು ಗಮನಾರ್ಹ. ಮೊದಲನೆಯದಾಗಿ, ದತ್ತಿಯು ನಾಡವರ ಎದುರಿನಲ್ಲಿ ನಡೆಯುತ್ತದೆ. ಕೊಟ್ಟವರಿಗೂ ಪಡೆದವನಿಗೂ ಮಾತ್ರ ಗೊತ್ತಿರುವ ವ್ಯವಹಾರ ಅದಲ್ಲ. ಎರಡನೆಯದಾಗಿ, ಅದನ್ನು ಕೆಡಿಸಿದವನಿಗೆ ಮಹಾಪಾತಕ ತಗಲುತ್ತದೆ ಎಂಬ ಶಾಪಾಶಯವಿದೆ. ಶಾಪಾಶಯವನ್ನು ನಾವು ರೂಢಿಯ ಮಾತೆಂದು ದಾಟಿಹೋಗುವುದುಂಟು. ಆದರೆ ಕೊಟ್ಟ ಅರಸ ಸತ್ತ ಮೇಲೂ, ಅವನ ವಂಶ ಅಳಿದ ಮೇಲೂ ಕೊಡುಗೆ ನಡೆದುಬರಬೇಕೆಂದರೆ ಆ ಕಾಲಕ್ಕೆ ಇದ್ದ ಕಾವಲು ಅದೇ. ಹೀಗೆ ಮೂರು ಸಂಗತಿಗಳು ಒಟ್ಟಿಗೆ ಬಂದವು: ಜೀವನಕ್ಕೆ ಆಧಾರ, ಜನದ ಸಾಕ್ಷಿ, ಕಾಲವನ್ನು ಮೀರುವ ಕಾವಲು. ಮುಂದಿನ ಚರ್ಚೆಗೆ ಈ ಮೂರೂ ಅಳತೆಗೋಲುಗಳು.

ಐದು ಶತಮಾನ ಕಳೆದ ಮೇಲೂ ಅದೇ ಪದ ಆತಕೂರಿನಲ್ಲಿ ಕಾಣಿಸುತ್ತದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆ ಶಾಸನವು 949ರ ತಕ್ಕೋಲದ ಯುದ್ಧವನ್ನು ಹೇಳುತ್ತದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗ ಇಮ್ಮಡಿ ಬೂತುಗ ಹೋರಾಡಿದ. ಚೋಳ ರಾಜಾದಿತ್ಯ ಮಡಿದ. ಬೂತುಗನ ಬಂಟ ಮಣಲೆರನ ಶೌರ್ಯಕ್ಕೆ ಒಡೆಯ ಮೆಚ್ಚಿ ಏನು ಬೇಕೆಂದು ಕೇಳಿದಾಗ ಆತ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಸೆಣಸಿ, ಎರಡೂ ಸತ್ತವು. ಅದಕ್ಕಾಗಿ ಕಲ್ಲು ನಿಂತಿತು, ಕಲ್ಲಿನ ಪೂಜೆಗೆ ಭೂಮಿ ಬಿಡಲಾಯಿತು, ಪೂಜೆ ಮಾಡದೆ ಉಂಡ ಗೊರವನಿಗೆ (ಶೈವ ಪೂಜಾರಿಗೆ) ಪಾಪವೆಂದು ಬರೆಯಲಾಯಿತು. ಈ ಕಥೆಯ ಚೆಲುವಿನಲ್ಲಿ ಇನ್ನೊಂದು ಸಂಗತಿ ಹಿಂದೆ ಸರಿದಿದೆ: ಮಣಲೆರನಿಗೆ ಆತಕೂರು 12 (ಹನ್ನೆರಡು ಊರುಗಳ ಗುಂಪು) ಸೇರಿದಂತೆ ನೆಲವು ಬಾಳ್ಗಳ್ಚಾಗಿ ಸಂದಿತು. ನಾಯಿ ಅವನು ಬೇಡಿದ್ದು. ಊರು ಅವನಿಗೆ ಸಲ್ಲಬೇಕಾಗಿದ್ದದ್ದು. ಮೆಚ್ಚುಗೆ ಬೇರೆ, ಹಕ್ಕು ಬೇರೆ ಎಂಬ ತಿಳಿವು ಈ ಶಾಸನದಲ್ಲಿದೆ.

3. ಮಡಿದವನ ಮನೆ

ಬಾಳ್ಗಳ್ಚು ಬದುಕುಳಿದವನದು. ಮಡಿದವನ ಮನೆತನಕ್ಕೆ ಬಿಟ್ಟ ನೆಲಕ್ಕೆ ಶಾಸನಗಳಲ್ಲಿ ಕಲ್ನಾಡು, ನೆತ್ತರುಕೊಡಗೆ ಎಂಬ ಹೆಸರುಗಳಿವೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ದೊಡ್ಡ ವೀರಗಲ್ಲು ಇದಕ್ಕೆ ಒಳ್ಳೆಯ ನಿದರ್ಶನ. ಕ್ರಿ.ಶ. 900ರ ಆಸುಪಾಸಿನ ಈ ಕಲ್ಲಿನಲ್ಲಿ ಆನೆ, ಕುದುರೆ, ಕಾಲಾಳುಗಳ ನಡುವೆ ಕಾಳಗ ಮೂಡಿದೆ. ಗಂಗ ಎರೆಯಪ್ಪನ ಅಪ್ಪಣೆಯಂತೆ ವೀರಮಹೇಂದ್ರನ ವಿರುದ್ಧ ಹೋದ ನಾಗತ್ತರನು ತುಂಬೆಪಾಡಿಯಲ್ಲಿ ಮಡಿದ. ಅದನ್ನು ಕೇಳಿದ ಎರೆಯಪ್ಪನು ಇರುಗನೆಂಬವನಿಗೆ ನಾಗತ್ತರ ಪಟ್ಟವನ್ನು ಕಟ್ಟಿ, ಬೆಂಪೂರು 12ನ್ನು ಕಲ್ನಾಡಾಗಿ ಕೊಟ್ಟ. ಊರುಗಳ ಹೆಸರುಗಳನ್ನು ಕಲ್ಲಿನ ಮೇಲೆ ಕಂಡರಿಸಲಾಯಿತು. ಶಿಲ್ಪದ ಪಕ್ಕದಲ್ಲೇ ಆಸ್ತಿಪತ್ರವಿದೆ. ಇಂದು ನಾವು ಸ್ಮಾರಕವೆಂದು ನೋಡುವ ವಸ್ತು ಆ ಕಾಲಕ್ಕೆ ಹಕ್ಕಿನ ದಾಖಲೆಯೂ ಆಗಿತ್ತು.

ಈ ವ್ಯವಸ್ಥೆಯ ತಳದಲ್ಲಿದ್ದದ್ದು ಋಣದ ಕಲ್ಪನೆ. ಒಡೆಯನ ಅನ್ನ ಉಂಡವನು ಪ್ರಾಣ ಕೊಟ್ಟು ತೀರಿಸಬೇಕಾದ ಹೊಣೆಗೆ ಜೋಳವಾಳಿ ಎಂದು ಹೆಸರು. ಅದನ್ನು ಆಳಿನ ಕಡೆಯಿಂದಷ್ಟೇ ವಿವರಿಸುವ ರೂಢಿಯಿದೆ. ಆದರೆ ಕಲ್ನಾಡು ಮತ್ತು ಬಾಳ್ಗಳ್ಚುಗಳನ್ನು ಒಟ್ಟಿಗೆ ಓದಿದಾಗ ಋಣ ಮರಳಿ ಬರುವುದೂ ಕಾಣುತ್ತದೆ. ಬಂಟ ಜೋಳದ ಋಣ ತೀರಿಸಿದ ಗಳಿಗೆಯಲ್ಲೇ ಒಡೆಯ ನೆತ್ತರಿನ ಋಣಕ್ಕೆ ಬಿದ್ದ. ಕೊಡುಗೆಯು ಆ ಋಣದ ತೀರುವಳಿಯಾಗಿತ್ತು.

ಕೊಡಗಿನ ಜಮ್ಮ ಭೂಮಿಯಲ್ಲಿ ಈ ತರ್ಕ ತೀರ ಈಚಿನವರೆಗೂ ಉಳಿದುಬಂತು. ಅರಸನಿಗೆ ಸೈನಿಕ ಸೇವೆ ಸಲ್ಲಿಸುವ ಹೊಣೆ ಹೊತ್ತ ಕುಟುಂಬಗಳು ಸಾಗು ಭೂಮಿಗಿಂತ ಕಡಿಮೆ ಕಂದಾಯದಲ್ಲಿ ವಂಶಪಾರಂಪರ್ಯವಾಗಿ ಜಮ್ಮ ಗದ್ದೆಗಳನ್ನು ಅನುಭವಿಸಿದವು. ಭೂಮಿ ಒಬ್ಬನದಾಗಿರದೆ ಇಡೀ ಒಕ್ಕದ್ದಾಗಿತ್ತು, ಅಂದರೆ ಮನೆತನದ್ದಾಗಿತ್ತು. ಕೋವಿ ಹಿಡಿದವನು ಮರಳದಿದ್ದರೂ ಒಕ್ಕದ ಮೂಲಮನೆಯಾದ ಐನ್‌ಮನೆಯ ಒಲೆ ಆರುವಂತಿರಲಿಲ್ಲ.

4. ಕಲ್ಲಿನ ಮಿತಿ

ಹಳೆಯದನ್ನು ಹೊಗಳಿ ನಿಲ್ಲುವುದು ಸತ್ಯಕ್ಕೆ ದ್ರೋಹ. ಅನೇಕ ವೀರಗಲ್ಲುಗಳ ಜೊತೆಯಲ್ಲೇ ಬಳೆ ತೊಟ್ಟ ಕೈ ಮೇಲೆತ್ತಿ ನಿಂತ ಮಾಸ್ತಿಕಲ್ಲುಗಳಿವೆ. ಯೋಧನ ಹೆಂಡತಿಗೆ ಅಂದಿನ ಸಮಾಜ ಕೊಟ್ಟ ಅತ್ಯುನ್ನತ ಗೌರವಕ್ಕೆ ಆಕೆ ಬೆಂಕಿಗೆ ಬೀಳಬೇಕಾಗಿತ್ತು. ಬದುಕುಳಿದ ವಿಧವೆಗೆ ಕಲ್ಲಿಲ್ಲ. ಆಕೆಯ ಹೆಸರು ನಮಗೆ ತಲುಪಿರುವುದೂ ಅಪರೂಪ. ಕೈಕಾಲು ಕಳೆದುಕೊಂಡು ಉಳಿದವನ ಕಥೆಯೂ ಹೆಚ್ಚಾಗಿ ಮೌನವೇ. ವೀರಗಲ್ಲಿನ ಕೆಳಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ಒಯ್ಯುವ ದೃಶ್ಯ, ಮೇಲೆ ಕೈಲಾಸ. ಗಾಯಗೊಂಡು ಮೂವತ್ತು ವರ್ಷ ಬದುಕಿದವನಿಗೆ ಈ ಮೂರು ಅಂತಸ್ತುಗಳಲ್ಲಿ ಎಲ್ಲೂ ಜಾಗವಿಲ್ಲ.

ಆಧುನಿಕ ರಾಜ್ಯವು ಹಳೆಯದನ್ನು ಮೀರಿದ್ದು ಇಲ್ಲಿ. ಕುಟುಂಬ ಪಿಂಚಣಿ, ಯುದ್ಧಗಾಯದ ಪಿಂಚಣಿ, ಅಂಗವಿಕಲತೆಯ ಪಿಂಚಣಿಗಳು ಬದುಕಿ ಉಳಿಯುವುದಕ್ಕೆ ಮಾನ್ಯತೆ ಕೊಟ್ಟವು. 1917ರಲ್ಲಿ ಆರಂಭವಾಗಿ ಪುಣೆಯ ಖಡ್ಕಿಯಲ್ಲಿ ನಡೆಯುತ್ತಿರುವ ಕ್ವೀನ್ ಮೇರೀಸ್ ತಾಂತ್ರಿಕ ಸಂಸ್ಥೆಯು ಅಂಗ ಕಳೆದುಕೊಂಡ ಸೈನಿಕರಿಗೆ ಕಸಬು ಕಲಿಸುತ್ತದೆ. ಮಾಸ್ತಿಕಲ್ಲಿನ ನೆರಳು ಮಾತ್ರ ಪೂರ್ತಿ ಸರಿಯಲು ಬಹಳ ಕಾಲ ಹಿಡಿಯಿತು. ಶೌರ್ಯ ಪ್ರಶಸ್ತಿಯ ಭತ್ಯೆ ಪಡೆಯುತ್ತಿದ್ದ ವಿಧವೆ ಮರುಮದುವೆಯಾದರೆ, ಗಂಡನ ಸೋದರನನ್ನೇ ವರಿಸಿದ್ದರೆ ಮಾತ್ರ ಭತ್ಯೆ ಮುಂದುವರಿಯುತ್ತಿತ್ತು. ಆ ಷರತ್ತನ್ನು ರಕ್ಷಣಾ ಸಚಿವಾಲಯ ತೆಗೆದುಹಾಕಿದ್ದು 2017ರ ನವೆಂಬರಿನಲ್ಲಿ.

5. ನೆಲದಿಂದ ನಗದಿಗೆ

ಭಾರತೀಯ ಸೇನೆಯ ಸಾಮಾನ್ಯ ಜವಾನ 35ರಿಂದ 40ರ ವಯಸ್ಸಿನೊಳಗೆ ನಿವೃತ್ತನಾಗುತ್ತಾನೆ. ಸೇನೆಯನ್ನು ಎಳೆಯದಾಗಿಡುವ ನೀತಿ ಅದಕ್ಕೆ ಕಾರಣ. 15 ವರ್ಷದ ಸೇವೆಗೆ ಆತನಿಗೆ ಪಿಂಚಣಿಯ ಅರ್ಹತೆ ಬರುತ್ತದೆ. ಓರಗೆಯ ಸರ್ಕಾರಿ ನೌಕರನಿಗೆ ಇನ್ನೂ ಇಪ್ಪತ್ತು ವರ್ಷದ ಸಂಬಳ, ಬಡ್ತಿಗಳು ಕಾದಿರುವಾಗ, ಮಕ್ಕಳು ಪ್ರಾಥಮಿಕ ಶಾಲೆಯಲ್ಲಿರುವಾಗ, ಇವನು ಟ್ರಂಕು ಹೊತ್ತು ಊರಿನ ಬಸ್ಸು ಹತ್ತುತ್ತಾನೆ. ಅವನ ಪಿಂಚಣಿಯ ಪ್ರಶ್ನೆಯನ್ನು ಮುಪ್ಪಿನ ಪ್ರಶ್ನೆಯೆಂದು ತಿಳಿಯುವುದು ತಪ್ಪು. ಅದು ನಡುವಯಸ್ಸಿನ ಸಂಸಾರದ ಪ್ರಶ್ನೆ.

‘ಸಮಾನ ಶ್ರೇಣಿ, ಸಮಾನ ಪಿಂಚಣಿ’ ಬೇಡಿಕೆಯ ಬೇರು ಇಲ್ಲಿದೆ. ನೆಲ ಮತ್ತು ನಗದಿನ ಸ್ವಭಾವವನ್ನು ಹೋಲಿಸಿದರೆ ಅದು ಸ್ಪಷ್ಟವಾಗುತ್ತದೆ. ಕಲ್ನಾಡಿನ ಗದ್ದೆ ಮಳೆ ಬಂದ ವರ್ಷ ಭತ್ತ ಕೊಡುತ್ತಿತ್ತು. ಭತ್ತದ ಬೆಲೆ ಏರಿದರೆ ಕೊಡುಗೆಯ ಬೆಲೆಯೂ ಏರುತ್ತಿತ್ತು. ನಗದು ಪಿಂಚಣಿ ನಿವೃತ್ತಿಯ ದಿನದ ಸಂಬಳಕ್ಕೆ ಕಟ್ಟುಬಿದ್ದದ್ದು. ತುಟ್ಟಿಭತ್ಯೆ ಅದನ್ನು ಒಂದಿಷ್ಟು ಎತ್ತಿದರೂ, ಪ್ರತಿ ವೇತನ ಆಯೋಗದ ಬಳಿಕ ಅದೇ ಶ್ರೇಣಿಯಲ್ಲಿ ಅಷ್ಟೇ ವರ್ಷ ದುಡಿದು ತಡವಾಗಿ ನಿವೃತ್ತನಾದವನು ಹೆಚ್ಚು ಪಡೆದ. ಮೊದಲು ಹೋರಾಡಿದವನು ಹಿಂದುಳಿದ. 2015ರಲ್ಲಿ ಜಂತರ್ ಮಂತರ್‌ನಲ್ಲಿ ಮಾಜಿ ಸೈನಿಕರು ಧರಣಿ ಕುಳಿತರು. ಅದೇ ಸೆಪ್ಟೆಂಬರಿನಲ್ಲಿ ಯೋಜನೆ ಘೋಷಣೆಯಾಗಿ, 2014ರ ಜುಲೈ 1ರಿಂದ ಅನ್ವಯವಾಯಿತು. ಐದು ವರ್ಷಕ್ಕೊಮ್ಮೆ ಪರಿಷ್ಕರಣೆ ಎಂದು ನಿಗದಿಯಾಯಿತು. ಅದರ ಸ್ವರೂಪವನ್ನು ಪ್ರಶ್ನಿಸಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2022ರ ಮಾರ್ಚ್ 16ರಂದು ಸರ್ಕಾರದ ನೀತಿಯನ್ನು ಎತ್ತಿಹಿಡಿಯಿತು, ಬಾಕಿ ಪರಿಷ್ಕರಣೆ ನಡೆಸುವಂತೆಯೂ ಹೇಳಿತು. ಶಾಪಾಶಯ ಮಾಡುತ್ತಿದ್ದ ಕಾವಲಿನ ಕೆಲಸ ಈಗ ನ್ಯಾಯಾಲಯದ ಪಾಲಿಗೆ ಬಂದಿದೆ.

ಪಿಂಚಣಿಯ ಸುತ್ತ ಇತರ ಆಸರೆಗಳೂ ಬೆಳೆದಿವೆ. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ 2003ರ ಏಪ್ರಿಲ್‌ನಿಂದ ನಡೆದಿದೆ. ಕೇಂದ್ರ ಸರ್ಕಾರದ ‘ಸಿ’ ಗುಂಪಿನ ನೇಮಕಾತಿಯಲ್ಲಿ ಶೇ. 10ರಷ್ಟು ಮೀಸಲಾತಿಯಿದೆ. ಕರ್ನಾಟಕದ ಭೂಮಂಜೂರಾತಿ ನಿಯಮಗಳಲ್ಲಿ ಸೈನಿಕರಿಗೂ ಮಾಜಿ ಸೈನಿಕರಿಗೂ ಪಾಲು ಇಟ್ಟಿರುವುದರಲ್ಲಿ ಕಲ್ನಾಡಿನ ತೆಳುವಾದ ಮುಂದುವರಿಕೆಯನ್ನು ಗುರುತಿಸಬಹುದು.

2022ರ ಅಗ್ನಿಪಥ ಯೋಜನೆ ಈ ಚರಿತ್ರೆಯಲ್ಲಿ ಹೊಸ ತಿರುವು. ನಾಲ್ಕು ವರ್ಷದ ಸೇವೆ, ಶೇ. 25ರವರೆಗೆ ಮಾತ್ರ ಖಾಯಂ, ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿ, ಪಿಂಚಣಿಯಿಲ್ಲ. ಇಪ್ಪತ್ತರ ಹರೆಯದಲ್ಲೇ ಕತ್ತಿ ತೊಳೆದು ಬರುವ ಈ ಹುಡುಗರನ್ನು ಮೊತ್ತವೊಂದನ್ನು ಕೊಟ್ಟು ಕಳಿಸಿದರೆ ಋಣ ಮುಗಿಯಿತೇ ಎಂಬುದು ಕನ್ನಡದ ಶಾಸನಪರಂಪರೆ ನಮ್ಮ ಮುಂದಿಡುವ ಪ್ರಶ್ನೆ. ಆ ಪರಂಪರೆ ಕೊಡುಗೆಯನ್ನು ಬಹುಪಾಲು ಮರುಹುಟ್ಟುವ ರೂಪದಲ್ಲಿ, ವರ್ಷವರ್ಷವೂ ಫಲ ಕೊಡುವ ನೆಲವಾಗಿ ಕೊಟ್ಟಿತು. ಅಗ್ನಿವೀರನಿಗೆ ಅಂಥ ನೆಲವಾಗಬಲ್ಲದ್ದು ಓದು ಮತ್ತು ಉದ್ಯೋಗ.

6. ಸಾಕ್ಷಿಯ ಕೊರತೆ

ಮೂರು ಅಳತೆಗೋಲುಗಳಲ್ಲಿ ಆಧಾರಕ್ಕೆ ಪಿಂಚಣಿಯಿದೆ, ಕಾವಲಿಗೆ ಕಾನೂನಿದೆ. ಸಾಕ್ಷಿ ಎಲ್ಲಿದೆ?

ರಾಷ್ಟ್ರಮಟ್ಟದಲ್ಲಿ ಇದೆ. ಮಡಿದ ಹಾಗೂ ಗಾಯಗೊಂಡ ಯೋಧರ ನೆನಪಿಗೆ, ಮಾಜಿ ಸೈನಿಕರ ನೆರವಿಗೆ 1949ರಿಂದ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನ ನಡೆಯುತ್ತದೆ. ಕೊಡಗಿನ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರಿಯಪ್ಪ 1953ರ ಜನವರಿ 14ರಂದು ನಿವೃತ್ತರಾದರು. ಆ ದಿನವೇ ಇಂದು ಮಾಜಿ ಸೈನಿಕರ ದಿನ. ದೇಶದ ಮೊದಲ ಭಾರತೀಯ ಮಹಾದಂಡನಾಯಕರ ಸಾಧನೆಯ ದಿನಗಳು ಹಲವಿದ್ದರೂ, ಅವರು ಸಮವಸ್ತ್ರ ಕಳಚಿದ ದಿನವನ್ನು ಆರಿಸಿದ್ದು ಅರ್ಥಪೂರ್ಣ. ನಿವೃತ್ತಿಯ ನಂತರ ಮಾಜಿ ಸೈನಿಕರನ್ನು ಸಂಘಟಿಸಲು ಅವರೇ ಮುಂದಾದರು. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ‘ಸನ್ನಿ ಸೈಡ್’ ಮನೆ 2021ರಿಂದ ವಸ್ತುಸಂಗ್ರಹಾಲಯವಾಗಿದೆ. 1918ರ ಸೆಪ್ಟೆಂಬರ್ 23ರ ಹೈಫಾ ಕಾಳಗದಲ್ಲಿ ಪಾಲ್ಗೊಂಡ ಮೈಸೂರು ಲ್ಯಾನ್ಸರ್ಸ್ ಪಡೆಯ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ನಗರದ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ 75 ಅಡಿಯ ಏಕಶಿಲೆ ನಿಂತಿದ್ದು, ಅದಕ್ಕಿಟ್ಟ ಹೆಸರು ವೀರಗಲ್ಲು.

ಆದರೆ ಹಳೆಯ ವೀರಗಲ್ಲು ನಿಂತಿದ್ದದ್ದು ಊರಬಾಗಿಲಲ್ಲಿ, ಕೆರೆಯ ಏರಿಯ ಮೇಲೆ, ಗುಡಿಯ ಎದುರಿಗೆ. ದಿನವೂ ನೀರಿಗೆ ಹೋಗುವವರ ಕಣ್ಣಿಗೆ ಬೀಳುವಂತೆ. ಇಂದು ಸೈನಿಕನ ವ್ಯವಹಾರವೆಲ್ಲ ಅವನಿಗೂ ದೂರದ ಕಚೇರಿಗೂ ನಡುವಣದ್ದು. ‘ಸ್ಪರ್ಶ್’ ಜಾಲತಾಣದಲ್ಲಿ ಪಿಂಚಣಿ, ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ, ಚಿಕಿತ್ಸೆಗೆ ನಗರದ ಪಾಲಿಕ್ಲಿನಿಕ್. ಬೆರಳಚ್ಚು ಸವೆದ ಎಂಬತ್ತರ ಹವಾಲ್ದಾರನಿಗೂ, ಗಂಡನ ದಾಖಲೆಯಲ್ಲಿ ತನ್ನ ಹೆಸರಿನ ಒಂದಕ್ಷರ ತಪ್ಪಾದ ವಿಧವೆಗೂ ಈ ದಾರಿ ಕಡಿದಾದದ್ದು. ತಾನು ಬದುಕಿದ್ದೇನೆಂದು ಅವರು ಯಂತ್ರಕ್ಕೆ ಸಾಬೀತುಪಡಿಸಬೇಕು. ಅದನ್ನು ಚೆನ್ನಾಗಿ ಬಲ್ಲ ಊರಿನ ಸಾಕ್ಷಿಗೆ ಅಲ್ಲಿ ಹೆಚ್ಚಿನ ಬೆಲೆಯಿಲ್ಲ.

ಊರನ್ನು ಈ ವ್ಯವಸ್ಥೆಯೊಳಗೆ ಕರೆತರಲು ದೊಡ್ಡ ಖರ್ಚು ಬೇಕಿಲ್ಲ. ಗ್ರಾಮ ಪಂಚಾಯಿತಿ ತನ್ನ ವ್ಯಾಪ್ತಿಯ ಮಾಜಿ ಸೈನಿಕರ, ಸೈನಿಕರ ವಿಧವೆಯರ ಪಟ್ಟಿಯನ್ನು ಇಟ್ಟುಕೊಂಡು, ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಅವರ ಅಹವಾಲು ಕೇಳಬಹುದು. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಅದನ್ನು ಮುಟ್ಟಿಸುವ ಹೊಣೆ ಪಂಚಾಯಿತಿಯದಾಗಬಹುದು. ಪ್ರಮಾಣಪತ್ರದ ತಿಂಗಳಲ್ಲಿ ಗ್ರಂಥಾಲಯದ ಕಂಪ್ಯೂಟರು, ಓದಿದ ಹುಡುಗರ ಎರಡು ದಿನ ಅವರಿಗೆ ಮೀಸಲಾಗಬಹುದು. ನೆರೆ, ಭೂಕುಸಿತದಂಥ ಆಪತ್ತಿನಲ್ಲಿ ಅವರ ತರಬೇತಿಯನ್ನು ಊರು ಕೇಳಿ ಪಡೆಯಬಹುದು. ಕೆಲಸ ಬಲ್ಲವನನ್ನು ಕೆಲಸಕ್ಕೆ ಕರೆಯುವುದು ಅವನಿಗೆ ಹಾಕುವ ಹಾರಕ್ಕಿಂತ ಮಿಗಿಲಾದ ಮನ್ನಣೆ.

7. ಸಮಾರೋಪ

ಹಲ್ಮಿಡಿಯಿಂದ ಇಂದಿನವರೆಗಿನ ಹದಿನೈದು ಶತಮಾನಗಳಲ್ಲಿ ಕೊಡುಗೆಯ ರೂಪ ನೆಲದಿಂದ ನಗದಾಯಿತು, ಕೊಡುವ ಹೊಣೆ ಒಡೆಯನಿಂದ ಗಣರಾಜ್ಯಕ್ಕೆ ಬಂತು, ಪಡೆಯುವವರಲ್ಲಿ ವಿಧವೆಗೂ ಗಾಯಾಳುವಿಗೂ ಸ್ಥಾನ ದೊರೆಯಿತು. ಇದು ನಿಜವಾದ ಮುನ್ನಡೆ. ಆ ದಾರಿಯಲ್ಲಿ ನಾಡವರ ಸಾಕ್ಷಿ ಕೈತಪ್ಪಿತು. ಗೌರವವು ಸಮಾರಂಭದ ಮಾತಾಯಿತು, ಆಸರೆಯು ಕಚೇರಿಯ ಕಡತವಾಯಿತು.

ನಮ್ಮ ಹಳ್ಳಿಗಳಲ್ಲಿ ಎಷ್ಟೋ ವೀರಗಲ್ಲುಗಳು ಬಟ್ಟೆ ಒಗೆಯುವ ಕಲ್ಲಾಗಿವೆ, ಕಾಲುವೆಯ ಹಾಸಾಗಿವೆ. ಅವುಗಳಿಗೆ ಬಿಟ್ಟಿದ್ದ ನೆಲ ಯಾರದೋ ಪಾಲಾದ ಮೇಲೆ ಪೂಜೆ ನಿಂತಿತು. ಪೂಜೆ ನಿಂತ ಮೇಲೆ ಹೆಸರು ಮರೆಯಾಯಿತು. ನೆಲವಿಲ್ಲದ ಕಲ್ಲು ಬಹುಕಾಲ ಕಲ್ಲಾಗಿಯೂ ಉಳಿಯುವುದಿಲ್ಲ ಎಂಬ ಸಾಕ್ಷ್ಯ ಆ ಒಗೆಯುವ ಕಲ್ಲುಗಳಲ್ಲಿದೆ. ಈ ವರ್ಷ ನಾವು ನಿಲ್ಲಿಸುವ ಪ್ರತಿಯೊಂದು ಸ್ಮಾರಕದ ಜೊತೆಗೆ, ಆ ಊರಿಗೆ ಬದುಕಿ ಬಂದವರ ಮನೆಯಲ್ಲಿ ಏನು ನಡೆದಿದೆ ಎಂದು ಕೇಳಿ ಬರೆದಿಡುವ ಕೆಲಸವೂ ಆಗಲಿ. ವಿಜಅರಸನ ಕಾಲದವರು ಅಷ್ಟನ್ನು ಕಲ್ಲಿನ ಮೇಲೇ ಬರೆದಿಟ್ಟಿದ್ದರು.