ಹೊಗೆ ಎತ್ಲಾಗ್ ಹೋಯ್ತದೆ?

1/6

ಫೋಟೋದಲ್ಲಿರೋದು ನಮ್ಮ ತಾತನ ಬ್ಯಾರನ್. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಕಡೆಯವರಿಗೆ ಇದೇನು ಅಂತ ಹೇಳೋದೇ ಬೇಡ. ಬೇರೆ ಊರಿನ ಫಾಲೋವರ್ಸ್‌ಗೆ ಮಾತ್ರ: ಇದು ತಂಬಾಕು ಸೊಪ್ಪು ಬೇಯಿಸೋ ಮನೆ. ಎತ್ತರದ ಗೋಡೆ, ಒಳಗೆ ಸಾಲು ಸಾಲಾಗಿ ನೇತುಹಾಕಿದ ಹಸಿ ಸೊಪ್ಪು, ಹೊರಗಡೆ ಸೌದೆ ಒಲೆಯ ಬಾಯಿ, ಪಕ್ಕದಲ್ಲಿ ಎದ್ದು ನಿಂತ ಹೊಗೆಕೊಳವೆ.

ಆದರೆ ಈ ಸೀರೀಸ್ ತಂಬಾಕಿನದ್ದಲ್ಲ. ಸ್ನಾನದ ಬಿಸಿನೀರಿನದ್ದು.

2025ರ ಅಕ್ಟೋಬರ್‌ನಲ್ಲಿ ಪಿರಿಯಾಪಟ್ಟಣದ ಒಂದು ಮನೆಯ ಸ್ನಾನದ ಕೋಣೆಯಲ್ಲಿ ಅಕ್ಕ ತಂಗಿ ಇಬ್ಬರು ಗ್ಯಾಸ್ ಗೀಸರ್‌ನ ವಿಷಾನಿಲಕ್ಕೆ ಸಿಕ್ಕಿ ತೀರಿಕೊಂಡರು. ಇಬ್ಬರೂ ಹೆಚ್ಚುಕಮ್ಮಿ ನಮ್ಮದೇ ವಯಸ್ಸಿನವರು. ಸುದ್ದಿ ನಮ್ಮ ಕ್ಲಾಸ್ ಗ್ರೂಪಿಗೂ ಬಂತು. ಎಲ್ಲರೂ ಕೈಮುಗಿಯೋ ಎಮೋಜಿ ಹಾಕಿದೆವು. ಎರಡು ದಿನಕ್ಕೆ ಮರೆತೆವು. ನಾನೂ ಮರೆತಿದ್ದೆ.

ಮತ್ತೆ ನೆನಪಾಗಿದ್ದು ಎಚ್.ಡಿ.ಕೋಟೆಯ ಚಿಕ್ಕಪ್ಪನ ಮನೆಯಲ್ಲಿ. ಅವರದ್ದು ಎಂಟು ರೂಮಿನ ಹೋಂಸ್ಟೇ. ಎಲ್ಲ ರೂಮಿಗೂ ಒಂದೇ ದೊಡ್ಡ ಗ್ಯಾಸ್ ಬಿಸಿನೀರಿನ ಯಂತ್ರ ಹಾಕಿಸೋ ಪ್ಲಾನ್. ಯಂತ್ರ ಇಡೋಕೆ ಅಂತ ತೋರಿಸಿದ ಜಾಗ, ಮೆಟ್ಟಿಲ ಕೆಳಗಿನ ಕಿಟಕಿ ಇಲ್ಲದ ಗೂಡು. ತಾತ ಕೋಲೂರಿಕೊಂಡು ಬಂದು ಒಂದು ಸುತ್ತು ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಹೊಗೆ ಎತ್ಲಾಗ್ ಹೋಯ್ತದೆ?"

ಚಿಕ್ಕಪ್ಪ ನಕ್ಕರು. "ಇದು ಗ್ಯಾಸು ಕಣಪ್ಪ, ಹೊಗೆ ಬರಕಿಲ್ಲ."

"ಉರಿ ಅಂದ್ಮೇಲೆ ಹೊಗೆ ಇಲ್ದೆ ಇದ್ದಾತ್ಲಾ?"

ತಾತ ಶಾಲೆ ಕಂಡಿದ್ದು ಮೂರನೇ ಕ್ಲಾಸ್ ತನಕ. ಪ್ರಶ್ನೆ ಮಾತ್ರ ನೂರೈವತ್ತು ವರ್ಷದ ಇತಿಹಾಸ ಇರೋ ಪ್ರಶ್ನೆ. ಹೇಗೆ ಅಂತ ಮುಂದಿನ ಪೋಸ್ಟ್‌ಗಳಲ್ಲಿ ನೋಡೋಣ.

2/6

ನಮ್ಮ ಕಡೆ ಬೆಳೆಯೋ ತಂಬಾಕಿನ ಪೂರ್ತಿ ಹೆಸರು ಫ್ಲೂ ಕ್ಯೂರ್ಡ್ ವರ್ಜೀನಿಯಾ. ಹರಾಜು ಮಾರುಕಟ್ಟೆಯ ಬೋರ್ಡಲ್ಲಿ 'ಎಫ್‌ಸಿವಿ' ಅಂತ ನೋಡಿರ್ತೀರಿ. ಅದರಲ್ಲಿ 'ಫ್ಲೂ' ಅಂದರೆ ಏನು ಅಂತ ಯಾವತ್ತಾದರೂ ಯೋಚಿಸಿದ್ದೀರಾ? ಫ್ಲೂ ಅಂದರೆ ಹೊಗೆಕೊಳವೆ. ಅಷ್ಟೇ. ನಮ್ಮ ನಾಲ್ಕು ತಾಲ್ಲೂಕಿನ ಎಷ್ಟೋ ಮನೆಯ ಮಕ್ಕಳ ಫೀಸು ಒಂದು ಹೊಗೆಕೊಳವೆಯ ಹೆಸರಲ್ಲಿ ಬಂದಿದೆ.

ಕಥೆ ಶುರುವಾಗೋದು 1839ರಲ್ಲಿ, ಅಮೆರಿಕದ ನಾರ್ತ್ ಕ್ಯಾರೊಲಿನಾದ ಕ್ಯಾಸ್‌ವೆಲ್ ಕೌಂಟಿಯಲ್ಲಿ. ಅಲ್ಲಿನ ಸ್ಲೇಡ್ ಅನ್ನೋರ ಜಮೀನಿನಲ್ಲಿ ಸ್ಟೀಫನ್ ಎಂಬ ಗುಲಾಮ ರಾತ್ರಿ ಸೊಪ್ಪಿನ ಮನೆಯ ಬೆಂಕಿ ಕಾಯ್ತಿದ್ದ. ನಿದ್ದೆ ಬಂತು, ಬೆಂಕಿ ಆರುತ್ತಾ ಬಂತು. ಎದ್ದವನು ಗಾಬರಿಯಲ್ಲಿ ಕಮ್ಮಾರನ ಕುಲುಮೆಯ ಇದ್ದಿಲು ತಂದು ಸುರಿದ. ಬೆಳಗ್ಗೆ ನೋಡಿದರೆ ಸೊಪ್ಪು ಕಪ್ಪಾಗೋ ಬದಲು ಹೊಂಬಣ್ಣ! ಆ ಬಣ್ಣಕ್ಕೆ ಒಳ್ಳೇ ಬೆಲೆ ಬಂತು. ಕೀರ್ತಿ ಯಜಮಾನನ ಮನೆತನಕ್ಕೆ ಹೋಯಿತು. ಸ್ಟೀಫನ್‌ನ ಹೆಸರಾದರೂ ಉಳಿಯಿತಲ್ಲ, ಅದೇ ದೊಡ್ಡದು.

ಇದ್ದಿಲಿಗೆ ಹೊಗೆ ಕಡಿಮೆ. ಸೌದೆ ಹೊಗೆ ತಾಗಿದ ಸೊಪ್ಪು ಬಣ್ಣವೂ ಕೆಡುತ್ತೆ, ವಾಸನೆಯೂ ಕೆಡುತ್ತೆ. ಹಾಗಾಗಿ ಮುಂದಿನ ಕೆಲವು ದಶಕಗಳಲ್ಲಿ ಅಲ್ಲಿನವರು ಬೇರೆ ದಾರಿ ಹುಡುಕಿದರು. ಬೆಂಕಿಯನ್ನು ಹೊರಗಡೆ ಇಟ್ಟು, ಹೊಗೆಯನ್ನು ತಗಡಿನ ಕೊಳವೆಯಲ್ಲಿ ಮನೆಯೊಳಗೆ ಒಂದು ಸುತ್ತು ಹಾಯಿಸಿ, ಕೊನೆಗೆ ಹೊರಗೇ ಬಿಡೋದು. ಒಳಗೆ ಶಾಖ ಮಾತ್ರ ಉಳಿಯುತ್ತೆ. ತಾತನ ಬ್ಯಾರನ್‌ನಲ್ಲಿ ಇವತ್ತಿಗೂ ನಡೆಯೋದು ಅದೇ. ಮೊದಲು 35 ಡಿಗ್ರಿ ಆಸುಪಾಸಿನಲ್ಲಿ ಸೊಪ್ಪು ಹಳದಿ ಆಗಬೇಕು, ಆಮೇಲೆ ಶಾಖ ಏರಿಸುತ್ತಾ ಕೊನೆಗೆ ನಡುನರ ಒಣಗೋಕೆ 70ರ ಹತ್ತಿರ. ಐದಾರು ದಿನ ಹಗಲೂ ರಾತ್ರಿ ಕಾವಲು. ಕೊಳವೆಯ ಜಾಯಿಂಟು ಎಲ್ಲಾದರೂ ಬಿಟ್ಟರೆ ತಾತ ನಡುರಾತ್ರಿಯಲ್ಲೇ ಮಣ್ಣು ಮೆತ್ತೋರು. "ಸೊಪ್ಗೆ ಹೊಗೆ ತಾಕ್‌ಬಾರ್ದು ಕಣವ್ವ, ತಾಕುದ್ರೆ ರೇಟೇ ಬರಕಿಲ್ಲ."

ತಂಬಾಕು ಮಂಡಳಿ ಶುರುವಾಗಿದ್ದು 1976ರಲ್ಲಿ. ಮಂಡಳಿಯ ಹರಾಜು ಕರ್ನಾಟಕಕ್ಕೆ ಬಂದಿದ್ದು 1984ರಲ್ಲಿ. ಅಂದಿನಿಂದ ಬ್ಯಾರನ್‌ಗೆ ಲೈಸೆನ್ಸ್ ಬೇಕು, ಬೇಲ್‌ಗೆ ಗ್ರೇಡ್ ಬೇಕು. ತಂಬಾಕು ಒಳ್ಳೇದು ಅಂತ ನಾನು ಹೇಳ್ತಿಲ್ಲ, ಅದರ ಜಗಳ ಬೇರೆ. ನಾನು ಹೇಳ್ತಿರೋದು, ಎಲೆಗೆ ಹೊಗೆ ತಾಕಬಾರದು ಅನ್ನೋ ಪಾಠ ನಮ್ಮ ಕಡೆಯ ಪ್ರತಿ ರೈತನಿಗೂ ಬಾಯಿಪಾಠ.

3/6

ಈಗ ಬಚ್ಚಲುಮನೆಗೆ ಬನ್ನಿ. ಫೋಟೋದಲ್ಲಿ ಅಜ್ಜಿಯ ತಾಮ್ರದ ಹಂಡೆ. ನೀರು ತುಂಬೋ ಹಬ್ಬದ ದಿನ ತೊಳೆದು, ಸುಣ್ಣ ಕೆಮ್ಮಣ್ಣು ಬಳಿದು, ಕುತ್ತಿಗೆಗೆ ಬಳ್ಳಿ ಸುತ್ತಿದ್ದು. ಆ ದಿನ ಹಂಡೆಯೇ ದೇವರು.

ಹಳೇ ಮನೆಗಳಲ್ಲಿ ಬಚ್ಚಲು ಹಿತ್ತಲಲ್ಲಿ, ಮನೆಯಿಂದ ಆಚೆ. ಹಂಡೆ ಗೋಡೆಗೆ ಕೂತಿರುತ್ತೆ, ಎಷ್ಟೋ ಕಡೆ ಒಲೆಯ ಬಾಯಿ ಹೊರಗಡೆಯಿಂದ. ಮೇಲೆ ನಾಡಹೆಂಚು. ಸಂದಿಯಿಂದ ಬಿಸಿಲು ಕೋಲು ಕೋಲಾಗಿ ಒಳಗೆ ಬರ್ತಿತ್ತು, ಹೊಗೆ ಅದೇ ದಾರಿಯಲ್ಲಿ ಹೊರಗೆ ಹೋಗ್ತಿತ್ತು. ಬಾಗಿಲು ಅಂದರೆ ಕೆಳಗೆ ಒಂದು ಗೇಣು ಬಿಟ್ಟ ಹಲಗೆ. ಅದೂ ಸುರಕ್ಷಿತ ಅಂತಲ್ಲ. ಆ ಹೊಗೆ ಅಜ್ಜಿಯಂದಿರ ಕಣ್ಣು, ಎದೆ ಎರಡನ್ನೂ ತಿಂದಿದೆ. ಆದರೆ ಸೌದೆ ಹೊಗೆಗೆ ಒಂದು ಗುಣ ಇತ್ತು. ಕಣ್ಣುರಿಸುತ್ತೆ, ಕೆಮ್ಮು ತರಿಸುತ್ತೆ, ನಮ್ಮನ್ನು ಎಬ್ಬಿಸಿ ಓಡಿಸುತ್ತೆ.

ಆಮೇಲೆ ಮನೆ ಬದಲಾಯ್ತು. ಹೆಂಚು ಹೋಗಿ ತಾರಸಿ ಬಂತು. ಹಿತ್ತಲ ಬಚ್ಚಲು ರೂಮಿಗೆ ಅಂಟಿಕೊಂಡ ಅಟ್ಯಾಚ್ಡ್ ಬಾತ್‌ರೂಮ್ ಆಯ್ತು. ನಾಲ್ಕಡಿ ಆರಡಿ ಜಾಗ, ನೆಲದಿಂದ ಮೇಲಿನ ತನಕ ಟೈಲ್ಸ್, ಬಿಗಿಯಾದ ಪ್ಲಾಸ್ಟಿಕ್ ಬಾಗಿಲು, ಮೇಲೆ ಒಂದು ಪುಟ್ಟ ವೆಂಟಿಲೇಟರ್. ಅದಕ್ಕೂ ಚಳಿ, ಸೊಳ್ಳೆ ಅಂತ ರಟ್ಟು ಬಡಿದಿರ್ತೀವಿ. ಬಾಡಿಗೆ ಮನೆ, ಪಿ.ಜಿ.ಗಳಲ್ಲಂತೂ ಕೇಳೋದೇ ಬೇಡ. ಹಳೇ ಬಚ್ಚಲು ಗಾಳಿಗೆ ತೆರೆದಿತ್ತು, ಬ್ಯಾರನ್ ಮುಚ್ಚಿತ್ತು. ಈಗ ಬಚ್ಚಲೇ ಬ್ಯಾರನ್ ಆಗಿದೆ, ಕೊಳವೆ ಒಂದು ಬಿಟ್ಟು.

4/6

'ಗೀಸರ್' ಅನ್ನೋ ಪದ ಐಸ್‌ಲ್ಯಾಂಡಿನದು. ಅಲ್ಲಿ ನೆಲದಿಂದ ಕುದಿನೀರು ಚಿಮ್ಮೋ ಒಂದು ಬುಗ್ಗೆಗೆ ಗೇಸಿರ್ ಅಂತ ಹೆಸರು. 1868ರಲ್ಲಿ ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾನ್ ಎಂಬ ಪೇಂಟರ್, ಗ್ಯಾಸ್ ಉರಿಯಲ್ಲಿ ತಕ್ಷಣ ನೀರು ಕಾಯಿಸೋ ಯಂತ್ರ ಮಾಡಿ ಅದಕ್ಕೆ ಆ ಹೆಸರಿಟ್ಟ. ಒಳ್ಳೇ ತಲೆ. ಆದರೆ ಆ ಯಂತ್ರಕ್ಕೆ ಒಂದು ಭಾಗ ಇರಲಿಲ್ಲ. ಯಾವುದು ಅಂತ ಊಹಿಸಿ.

ಹೌದು, ಫ್ಲೂ. ಉರಿದ ಅನಿಲವೆಲ್ಲ ಸ್ನಾನ ಮಾಡೋನ ಮುಖದ ಮುಂದೆಯೇ. ಅಮೆರಿಕದ ರೈತರು ಎಲೆಗೆ ಕೊಳವೆ ಹಾಕ್ತಿದ್ದ ಅದೇ ಕಾಲದಲ್ಲಿ ಲಂಡನ್ನಿನಲ್ಲಿ ಮನುಷ್ಯನ ಸ್ನಾನಕ್ಕೆ ಕೊಳವೆ ಇಲ್ಲದ ಯಂತ್ರ ಹುಟ್ಟಿತು! ನಂಗೆ ಇದನ್ನ ಓದಿದಾಗ ನಗು ಬಂತು, ಆಮೇಲೆ ಬರಲಿಲ್ಲ.

ಅಪಾಯ ಗೊತ್ತಿರಲಿಲ್ಲವಾ ಅಂದರೆ, ಗೊತ್ತಿತ್ತು. ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಸೀಟು ಕಿತ್ತುಕೊಂಡು ಕೂರುತ್ತೆ ಅನ್ನೋದನ್ನು ಫ್ರಾನ್ಸಿನ ಕ್ಲೋಡ್ ಬರ್ನಾರ್ಡ್ 1850ರ ದಶಕದಲ್ಲೇ ತೋರಿಸಿದ್ದರು. 1890ರ ದಶಕದಲ್ಲಿ ಬ್ರಿಟನ್ನಿನ ಜೆ.ಎಸ್. ಹಾಲ್ಡೇನ್ ಆ ಅನಿಲವನ್ನು ತಾವೇ ಉಸಿರಾಡಿ, ಏನಾಗುತ್ತೆ ಅಂತ ಬರೆದಿಟ್ಟರು. ಗಣಿಗೆ ಕ್ಯಾನರಿ ಹಕ್ಕಿ ಒಯ್ಯಿರಿ ಅಂದವರೂ ಅವರೇ. ಪುಟ್ಟ ಹಕ್ಕಿ ಮನುಷ್ಯನಿಗಿಂತ ಮೊದಲು ಕುಸಿಯುತ್ತೆ. ಬ್ರಿಟನ್ನಿನ ಗಣಿಗಳಲ್ಲಿ ಆ ಹಕ್ಕಿಗಳು 1986ರ ತನಕ ಡ್ಯೂಟಿ ಮಾಡಿವೆ.

ನಮ್ಮ ದೇಶಕ್ಕೆ ಸಿಲಿಂಡರ್ ಗ್ಯಾಸ್ ಬಂದಿದ್ದು 1955ರಲ್ಲಿ, ಮುಂಬೈಯಲ್ಲಿ. 2016ರ ಉಜ್ವಲ, ಆಮೇಲೆ ನಮ್ಮ ರಾಜ್ಯದ ಅನಿಲ ಭಾಗ್ಯ ಬಂದು ಹಳ್ಳಿ ಹಳ್ಳಿಗೂ ಸಿಲಿಂಡರ್ ತಲುಪಿತು. ಅಡುಗೆಮನೆಯ ಹೊಗೆ ಹೋಯ್ತು. 'ಗ್ಯಾಸ್ ಅಂದರೆ ಹೊಗೆ ಇಲ್ಲ' ಅನ್ನೋ ನಂಬಿಕೆ ಕೂತಿದ್ದೂ ಆಗಲೇ. ಚಿಕ್ಕಪ್ಪನ ನಗುವಿನ ಮೂಲ ಅದು.

5/6

ಲೆಕ್ಕ ಇಷ್ಟ ಇಲ್ಲದವರೂ ಇದೊಂದನ್ನ ಓದಿ.

ನಿಮಿಷಕ್ಕೆ 6 ಲೀಟರ್ ನೀರು ಕಾಯಿಸೋ ಮನೆ ಗೀಸರ್ ಪೂರ್ತಿ ಉರಿದರೆ ಗಂಟೆಗೆ ಸುಮಾರು 1 ಕೆಜಿ ಗ್ಯಾಸ್ ಬೇಕು. 1 ಕೆಜಿ ಗ್ಯಾಸ್ ಸರಿಯಾಗಿ ಉರಿಯೋಕೆ ಸುಮಾರು 12 ಘನ ಮೀಟರ್ ಗಾಳಿ ಬೇಕು. ನಾಲ್ಕಡಿ ಅಗಲ, ಆರಡಿ ಉದ್ದ, ಎಂಟಡಿ ಎತ್ತರದ ಬಾತ್‌ರೂಮಿನಲ್ಲಿ ಇರೋ ಗಾಳಿಯೇ 5.4 ಘನ ಮೀಟರ್. ಹನ್ನೆರಡು ನಿಮಿಷ ಸ್ನಾನ ಮಾಡಿದರೆ ಯಂತ್ರ 2.4 ಘನ ಮೀಟರ್ ಗಾಳಿ ತಿಂದಿರುತ್ತೆ. ರೂಮಿನ ಹತ್ತಿರ ಹತ್ತಿರ ಅರ್ಧ! ಬಾಗಿಲ ಸಂದಿಯಿಂದ ಒಂದಿಷ್ಟು ಗಾಳಿ ಬರುತ್ತೆ, ನಿಜ. ಸಾಲಲ್ಲ. ಆಮ್ಲಜನಕ ಕಡಿಮೆ ಆದ ಹಾಗೆ ಉರಿ ಅರೆಬರೆ ಆಗುತ್ತೆ, ಆಗ ಹುಟ್ಟೋದೇ ಕಾರ್ಬನ್ ಮೊನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತಕ್ಕೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತೆ.

ಇನ್ನೊಂದು ಗೊಂದಲ ಇದೆ. ಸಿಲಿಂಡರ್ ಲೀಕ್ ಆದರೆ ಬರೋ ಕೆಟ್ಟ ವಾಸನೆ, ಗ್ಯಾಸಿಗೆ ಬೇಕಂತಲೇ ಸೇರಿಸಿದ್ದು. ಉರಿದ ಮೇಲೆ ಆ ವಾಸನೆ ಇರಲ್ಲ. ಹಾಗಾಗಿ "ವಾಸನೆ ಬಂದಿಲ್ಲ, ಏನೂ ಆಗಲ್ಲ" ಅನ್ನೋ ಮಾತಿಗೆ ಅರ್ಥವೇ ಇಲ್ಲ.

ತಲೆನೋವು, ವಾಕರಿಕೆ, ತಲೆಸುತ್ತು, ಕಾಲಲ್ಲಿ ಬಲ ಇಲ್ಲದ ಹಾಗೆ ಆಗೋದು. ಇವೇ ಸೂಚನೆ. ನಾವು ಅದಕ್ಕೆ ಖಾಲಿ ಹೊಟ್ಟೆ, ಬಿ.ಪಿ. ಲೋ, ತಲೆಸ್ನಾನ ಅಂತ ಹೆಸರಿಡ್ತೀವಿ. ನನ್ನ ಗೆಳತಿಯೊಬ್ಬಳು ಪಿ.ಜಿ.ಯಲ್ಲಿ ಹೀಗೇ ಬಾಗಿಲು ತೆಗೆದು ಹೊರಗೆ ಬಿದ್ದಳು. ಹೊರಗೆ ಬಿದ್ದಿದ್ದಕ್ಕೇ ಉಳಿದಳು. ಆವತ್ತು ಯಾರೋ ಅವಳ ಬೆರಳಿಗೆ ಕೊರೊನಾ ಕಾಲದ ಆಕ್ಸಿಮೀಟರ್ ಹಾಕಿ "98 ಇದೆ, ಏನೂ ಆಗಿಲ್ಲ" ಅಂದರು. ಈ ವಿಷಯ ದಯವಿಟ್ಟು ನೆನಪಿಡಿ: ಮೊನಾಕ್ಸೈಡ್ ತುಂಬಿದ ರಕ್ತವನ್ನೂ ಆ ಕ್ಲಿಪ್ ಆಮ್ಲಜನಕದ ರಕ್ತ ಅಂತಲೇ ಓದುತ್ತೆ. ಗಾಳಿಗೆ ಕರ್ಕೊಂಡು ಬನ್ನಿ, 108ಕ್ಕೆ ಫೋನ್ ಮಾಡಿ, ಗ್ಯಾಸ್ ಗೀಸರ್ ಇತ್ತು ಅಂತ ಡಾಕ್ಟರ್‌ಗೆ ಬಾಯಿಬಿಟ್ಟು ಹೇಳಿ.

6/6

ಚಿಕ್ಕಪ್ಪನ ಯಂತ್ರದ ತಗಡಿನ ಮೇಲೆ ಗಂಟೆಗೆ 3 ಕೆಜಿ ಗ್ಯಾಸ್ ಅಂತ ಬರೆದಿತ್ತು. ಮೇಲಿನ ಲೆಕ್ಕ ಹಿಡಿದರೆ ಗಂಟೆಗೆ 36 ಘನ ಮೀಟರ್ ಗಾಳಿ. ಮೆಟ್ಟಿಲ ಕೆಳಗಿನ ಗೂಡಿಗೆ ಇದನ್ನ ಹೇಳಿದಾಗ ಚಿಕ್ಕಪ್ಪನ ನಗು ನಿಂತಿತು. ಕಂಪನಿಯ ಮೆಕ್ಯಾನಿಕ್ ಅಣ್ಣ ಬಂದವರು ತಾತನ ಪಕ್ಕವೇ ನಿಂತರು.

ಈಗ ಯಂತ್ರ ಹಿತ್ತಲಲ್ಲಿ, ಅದಕ್ಕೆ ಅಂತಲೇ ಕಟ್ಟಿದ ಕೋಣೆಯಲ್ಲಿ. ಗೋಡೆಯಲ್ಲಿ ಕೆಳಗೊಂದು ಮೇಲೊಂದು, ಮುಚ್ಚೋಕೆ ಆಗದ ಜಾಲರಿ ಕಿಂಡಿ. ಫ್ಲೂ ಯಂತ್ರದ ಜೊತೆ ಬಂದಿದ್ದೇ, ಮೇಲ್ಮುಖವಾಗಿ ಏರಿ ತಾರಸಿ ದಾಟಿ ಹೊರಗೆ, ಯಾವ ರೂಮಿನ ಕಿಟಕಿಗೂ ಹತ್ತಿರ ಇಲ್ಲ. ತಾತ ಪ್ರತಿ ಜಾಯಿಂಟನ್ನೂ ಬೆರಳಲ್ಲಿ ತಡವಿ ನೋಡಿದರು, ಬ್ಯಾರನ್‌ನಲ್ಲಿ ನೋಡೋ ಹಾಗೇ. ಆದರೆ ಇಲ್ಲಿ ಮಣ್ಣು ಮೆತ್ತೋ ಹಾಗಿಲ್ಲ ಅಂತ ಮೆಕ್ಯಾನಿಕ್ ಮೊದಲೇ ಹೇಳಿದ್ದರು.

ಸಿಲಿಂಡರ್ 19 ಕೆಜಿಯ ನೀಲಿಯವು, ನಾಲ್ಕು ಜೋಡಿಸಿದ್ದು. ಒಂದೇ ಸಿಲಿಂಡರಿನಿಂದ ಅಷ್ಟು ಗ್ಯಾಸ್ ಎಳೆದರೆ ಅದು ತಣ್ಣಗಾಗಿ ಮೇಲೆ ಮಂಜು ಕಟ್ಟುತ್ತೆ, ಉರಿ ಇಳಿಯುತ್ತೆ. ಹೋಟೆಲುಗಳಲ್ಲಿ ಅದರ ಮೇಲೆ ಬಿಸಿನೀರು ಸುರಿಯೋದನ್ನ ನೋಡಿದ್ದೀನಿ, ಅದು ಹುಚ್ಚಾಟ. ನಾಲ್ಕೂ ಹೊರಗಡೆ, ನೆಟ್ಟಗೆ, ಜಾಲರಿ ಬಾಗಿಲಿನ ಒಳಗೆ. ಪಕ್ಕದಲ್ಲಿ ಚರಂಡಿ, ಗುಂಡಿ ಇಲ್ಲ, ಯಾಕಂದರೆ ಈ ಗ್ಯಾಸ್ ಗಾಳಿಗಿಂತ ಭಾರ, ತಗ್ಗಲ್ಲಿ ಹೋಗಿ ಕೂರುತ್ತೆ. ಮದುವೆ ಅಡುಗೆಯ ದೊಡ್ಡ ಒಲೆಗೆ ಹಾಕೋ ಹೈ ಪ್ರೆಶರ್ ರೆಗ್ಯುಲೇಟರ್ ಮನೆಯಲ್ಲಿ ಬಿದ್ದಿತ್ತು, ಚಿಕ್ಕಪ್ಪ ಅದನ್ನೇ ಹಾಕೋಣ ಅಂದರು. ಮೆಕ್ಯಾನಿಕ್ ಒಪ್ಪಲಿಲ್ಲ. ಯಂತ್ರದ ಮೇಲೆ ಬರೆದ ಒತ್ತಡಕ್ಕೆ ಸರಿಹೋಗೋದನ್ನೇ ತರಿಸಿದರು. ಜಾಯಿಂಟುಗಳಿಗೆಲ್ಲ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತಾ ನೋಡಿದರು. ಬೆಂಕಿಕಡ್ಡಿ ಗೀರಿ ನೋಡೋರು ಇನ್ನೂ ಇದ್ದಾರಂತೆ!

ಟ್ಯಾಂಕಿನ ಪಕ್ಕ ಒಂದು ಚಿಕ್ಕ ಹಿತ್ತಾಳೆ ವಾಲ್ವ್ ಇದೆ, ಒತ್ತಡ ಹೆಚ್ಚಾದರೆ ತಾನೇ ತೆರೆದುಕೊಂಡು ನೀರು ಬಿಡುತ್ತೆ. "ತೊಟ್ಟಿಕ್ಕುತ್ತೆ ಅಂತ ಇದಕ್ಕೆ ಬಿರಡೆ ಹಾಕಿದರೆ ಟ್ಯಾಂಕೇ ಬಾಂಬು" ಅಂದರು ಮೆಕ್ಯಾನಿಕ್. ನಮ್ಮ ಬೋರ್ ನೀರಿಗೆ ಒಳಗೆ ಉಪ್ಪು ಕಟ್ಟುತ್ತೆ, ವರ್ಷಕ್ಕೊಮ್ಮೆ ತೆಗೆಸಲೇಬೇಕು. ಉರಿ ನೀಲಿ ಇರಬೇಕು, ಹಳದಿಗೆ ತಿರುಗಿದರೆ, ಮಸಿ ಕಂಡರೆ, ಅವತ್ತೇ ಆಫ್. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ ಸಿಲಿಂಡರ್ ಬಂದ್ ಮಾಡಿ, ಹೊರಗೆ ಬಂದು 1906ಕ್ಕೆ ಫೋನ್. ಈ ನಂಬರನ್ನು ಚಿಕ್ಕಮ್ಮ ಬಾಗಿಲ ಮೇಲೆ ಕೆಂಪು ಪೇಂಟಲ್ಲಿ ಬರೆದಿದ್ದಾರೆ, ಕೊನೇ ಫೋಟೋ ನೋಡಿ.

ಮೊನಾಕ್ಸೈಡ್ ಅಲಾರಂ ಆರ್ಡರ್ ಹಾಕಿದೀವಿ. ಅದು ಬರೋ ತನಕ ಯಂತ್ರ ಹಚ್ಚಬೇಡ ಅಂತ ತಾತನ ಆರ್ಡರ್. ಹೋದ ವಾರ ಬಂದ ಗೆಸ್ಟ್‌ಗಳಿಗೆ ಹಿತ್ತಲ ಹಂಡೆಯಲ್ಲೇ ನೀರು ಕಾಯಿಸಿದೆವು. ಅವರು ಹಂಡೆ ಜೊತೆ ಸೆಲ್ಫಿ ತಗೊಂಡು ಹೋದರು.

ನಿಮ್ಮ ಪಿ.ಜಿ., ಹಾಸ್ಟೆಲ್, ಬಾಡಿಗೆ ಮನೆಯ ಗೀಸರ್ ಎಲ್ಲಿದೆ? ಬಾತ್‌ರೂಮಿನ ಒಳಗಾ, ಹೊರಗಾ? ಇವತ್ತು ಸಂಜೆ ಒಂದು ಫೋಟೋ ತೆಗೆದು ಕಳಿಸಿ. ತಾತನಿಗೆ ತೋರಿಸ್ತೀನಿ.

#ಹುಣಸೂರು #ಪಿರಿಯಾಪಟ್ಟಣ #ಕೆಆರ್‌ನಗರ #ಎಚ್‌ಡಿಕೋಟೆ #ಬಚ್ಚಲುಮನೆ